ಕೂಗಿ ನೋಡಿದ ಹೆಸರುಗಳು

ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಮಂಜುನಾಥಾ!" ಎಂದು ಒಂದು ಸಲ ಕೂಗಿ ನೋಡಿ. ಎಂಟು ಜನ ತಿರುಗಿ ನೋಡುತ್ತಾರೆ, ಇಬ್ಬರು ಹತ್ತಿದ ಬಸ್ಸಿನಿಂದ ಇಳಿದೇ ಬಿಡುತ್ತಾರೆ. ಈ ಲೆಕ್ಕ ಎಂಟಕ್ಕೇ ನಿಂತು ಹದಿನಾರಾಗಿಲ್ಲ ಅಂದರೆ ಅದರ ಪುಣ್ಯವೆಲ್ಲ ನನ್ನ ಸೋದರತ್ತೆಗೆ ಸೇರಬೇಕು! ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅತ್ತೆಗೆ ಅದು ಹೇಗೋ ಸುದ್ದಿ ಮುಟ್ಟುತ್ತಿತ್ತು. ಕರೆದರೂ ಸರಿ, ಕರೆಯದಿದ್ದರೂ ಸರಿ, ಕಂಕುಳಲ್ಲಿ ಒಂದು ಹಳೇ ಪಂಚಾಂಗ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಆ ಪಂಚಾಂಗದಲ್ಲಿ ತಿಥಿ ನಕ್ಷತ್ರಗಳ ಪಕ್ಕ ಎಲ್ಲೆಲ್ಲಿ ಖಾಲಿ ಜಾಗವಿತ್ತೋ ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಹೆಸರುಗಳು. ಯಾರೂ ಇಡದ ಹೆಸರುಗಳು.

"ಒಳ್ಳೊಳ್ಳೆ ಹೆಸರು ಹಾಗೇ ಹಾಳಾಗ್ತಿದಾವೆ ಮಾರಾಯ," ಎಂದು ಅತ್ತೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. "ಬಕುಳಾ ಇದೆ, ಚಾರುಮತಿ ಇದೆ, ಸುರಗಿ ಇದೆ. ಕೇಳೋರೇ ಇಲ್ಲ! ಎಲ್ರಿಗೂ ಲಕ್ಷ್ಮಿನೇ ಆಗ್ಬೇಕು. ಪಾಪ, ಲಕ್ಷ್ಮಿಗಾದ್ರೂ ಬೇಜಾರಾಗೋದು ಬೇಡ್ವಾ?"

ಅತ್ತೆಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ ಎಂದು ಹೇಳಲು ನಾನೇ ಸಾಕ್ಷಿ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅಜ್ಜನಿಗೆ ಮೂವರು ಗಂಡುಮಕ್ಕಳು, ಮೂವರಿಗೂ ಮೊದಲನೆಯದು ಗಂಡೇ. ಹಾಗಾಗಿ ಒಂದೇ ಮನೆಯಲ್ಲಿ ಅಜ್ಜನೂ ಸೇರಿ ನಾಲ್ಕು ಮಂಜುನಾಥರು! ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಸೊಸೆಯಂದಿರು ಮಾವನ ಹೆಸರನ್ನು ಬಾಯಲ್ಲಿ ಎತ್ತಬಾರದಲ್ಲ? ಹೆತ್ತ ತಾಯಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬೈಯುವುದಂತೂ ದೂರ ಉಳಿಯಿತು. ನಾನು ಗೇರುಮರ ಹತ್ತಿ ಕೂತರೆ ಅಮ್ಮ ಕೆಳಗೆ ನಿಂತು, ಜಗಲಿಯಲ್ಲಿದ್ದ ಮಾವನ ಕಡೆಗೊಂದು ಕಣ್ಣಿಟ್ಟು, "ಏ ಇವ್ನೇ, ಕೋತಿ... ಅಲ್ಲಲ್ಲ, ಸ್ವಲ್ಪ ಇಳೀತೀರಾ?" ಎನ್ನುತ್ತಿದ್ದಳು. "ಏ ಇವ್ನೇ" ಎಂದರೆ ಒಂದೋ ಮೂವರೂ ಬರುತ್ತಿದ್ದೆವು, ಇಲ್ಲವೇ ಮೂವರೂ ಬರುತ್ತಿರಲಿಲ್ಲ. ತಪ್ಪು ಮಾಡಿದವನು ಒಬ್ಬ, ಏಟು ತಿಂದವನು ಇನ್ನೊಬ್ಬ. ಆ ಇನ್ನೊಬ್ಬ ಹೆಚ್ಚಾಗಿ ನಾನೇ ಆಗಿರುತ್ತಿದ್ದೆ.

ಆದ್ದರಿಂದ ಅತ್ತೆಯ ಸಿದ್ಧಾಂತ ನನಗೆ ಬೇಗ ಒಪ್ಪಿಗೆಯಾಯಿತು. "ಒಂದು ಹೆಸರು ಕೂಗಿದ್ರೆ ಒಬ್ರೇ 'ಓ' ಅನ್ಬೇಕು. ಅದಕ್ಕಲ್ದೆ ಮತ್ತೆಂಥಕ್ಕೆ ಹೆಸರು?"

ತಮಾಷೆ ನೋಡಿ, ಊರಿಗೆಲ್ಲ ಹೆಸರು ಹಂಚುವ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಮಾತ್ರ ಒಬ್ಬರೂ ಇರಲಿಲ್ಲ. ನಮಗೆ ಅತ್ತೆ, ಗಂಡನ ಮನೆಯ ಮಕ್ಕಳಿಗೆ ದೊಡ್ಡಮ್ಮ, ಕೇರಿಯವರಿಗೆ ಪಂಚಾಂಗದಮ್ಮ. ಅವರ ಗಂಡ, ನಮ್ಮ ಮಾವನಂತೂ ಹೆಂಚಿನ ಮಾಡಿನ ಕಡೆ ಮುಖ ಎತ್ತಿ "ಕೇಳ್ತಾ?" ಎನ್ನುತ್ತಿದ್ದರು. ಮಾಡು ಉತ್ತರ ಕೊಡುತ್ತಿರಲಿಲ್ಲ, ಅತ್ತೆ ಕೊಡುತ್ತಿದ್ದರು.

ನನಗೆ ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಅತ್ತೆಯ ಮನೆಯಲ್ಲೇ ಉಳಿದುಕೊಂಡೆ. ಹಗಲೆಲ್ಲ ಕಚೇರಿಯಲ್ಲಿ ನಕಲು ಮಾಡಿ ಬಂದರೆ ಸಂಜೆ ಇನ್ನೊಂದು ನೌಕರಿ ಕಾದಿರುತ್ತಿತ್ತು: ಹೆಸರಿನ ಪರೀಕ್ಷೆ! "ಹೆಸರು ಬರೆಯೋಕಲ್ಲ ಕಣಾ, ಕೂಗೋಕೆ," ಎನ್ನುತ್ತ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬೇಲಿಯ ದಣಪೆಯ ಬಳಿ ನಿಲ್ಲುವರು. ಒಂದೊಂದು ಹೆಸರನ್ನೂ ಮೂರು ಸಲ ಎದುರಿನ ಗುಡ್ಡಕ್ಕೆ ಕೇಳುವಂತೆ ಕೂಗುವರು. ಪಾಸಾದರೆ ನಾನು ಅದರ ಮುಂದೆ ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. 'ಮಂದಾಕಿನೀ...' ಸಲೀಸಾಗಿ ಗುಡ್ಡ ದಾಟಿತು. 'ಋತುಪರ್ಣ' ದಣಪೆಯನ್ನೂ ದಾಟಲಿಲ್ಲ.

"ಪರ್ಣ ಅನ್ನೋವಷ್ಟರಲ್ಲಿ ಉಸಿರೇ ಹೋಯ್ತಲ್ಲ! ಇವನನ್ನ ಊಟಕ್ಕೆ ಕರೆಯೋದು ಹೆಂಗೆ? ಉಪವಾಸ ಬೀಳ್ತಾನೆ ಹುಡುಗ. ತೆಗಿ ತೆಗಿ."

ಪಕ್ಕದ ಮನೆಯಾಕೆ ಸೊಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. "ಎಂಥ ಆಯ್ತು ಅಮ್ಮಾ? ಯಾರು ಕಳೆದುಹೋದ್ರು?"

"ಯಾರೂ ಕಳೆದುಹೋಗಿಲ್ಲ ಮಾರಾಯ್ತಿ. ಇನ್ನೂ ಹುಟ್ಟೇ ಇಲ್ಲ!"

ಆಕೆ ನನ್ನ ಮುಖವನ್ನು ಒಂದು ಸಲ ಕನಿಕರದಿಂದ ನೋಡಿ ಬುಟ್ಟಿ ಎತ್ತಿಕೊಂಡು ಹೋದಳು.

ಹೀಗೆ ಗುರುತು ಹಾಕುತ್ತಿದ್ದಾಗ ಒಂದು ದಿನ ಪಂಚಾಂಗದ ಮೊದಲ ಪುಟ ಕಣ್ಣಿಗೆ ಬಿತ್ತು. ಎಲ್ಲಕ್ಕಿಂತ ಮೇಲೆ, ಮಾಸಿದ ಅಕ್ಷರದಲ್ಲಿ, 'ತುಂಗೆ' ಎಂದಿತ್ತು. ಅದಕ್ಕೆ ಗುರುತೇ ಇಲ್ಲ.

"ಇದನ್ನ ಕೂಗಿ ನೋಡ್ಲಿಲ್ವಲ್ಲ ಅತ್ತೆ?"

"ಅದು ಹಳೇದು. ಮುಂದಿಂದು ಓದು," ಎಂದವರೇ ಅತ್ತೆ ದಣಪೆಯ ಕಡೆ ತಿರುಗಿ ನಿಂತರು. ನಾನು ಮುಂದಿನದನ್ನು ಓದಿದೆ.

ಪರೀಕ್ಷೆಯಲ್ಲಿ ಪಾಸಾದ ಹೆಸರನ್ನು ಅತ್ತೆ ಮಗುವಿಗೆ ಹೇಗೆ ದಾಟಿಸುತ್ತಿದ್ದರು ಅಂತೀರಾ? ಸಾಗರದಲ್ಲಿ ಹೆಂಡತಿಯ ತವರಿನ ಕೇರಿಯಲ್ಲೇ ಮನೆ ಮಾಡಿದ್ದ ನನ್ನ ಚಿಕ್ಕಪ್ಪನಿಗೆ ಕೊನೆಯ ಮಗ ಹುಟ್ಟಿದಾಗ ನಡೆದದ್ದು ಕೇಳಿ. ಅವರ ಮಾವನ ಮನೆಯವರು ಗಣಪತಿ ಎಂದು ಮೊದಲೇ ನಿಶ್ಚಯ ಮಾಡಿದ್ದರು. ಆದರೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು! ಅತ್ತೆ ಬಗ್ಗಿದರು, ಮೂರು ಸಲ ಏನೋ ಪಿಸುಗುಟ್ಟಿದರು, ಎದ್ದು ನಿಂತು ಸೆರಗು ಸರಿಮಾಡಿಕೊಂಡು "ಚಿರಂತನ" ಎಂದರು. ಮನೆಯಲ್ಲಿ ಗುಲ್ಲೋ ಗುಲ್ಲು. ಚಿಕ್ಕಪ್ಪನ ಮಾವ ಎಲೆಯಡಿಕೆ ತಟ್ಟೆಯನ್ನೇ ದೂಡಿದರು.

"ಏನಮ್ಮಾ ಇದು? ಗಣಪತಿ ಮುನಿದ್ರೆ ಯಾರು ಹೊಣೆ?"

"ನಿಮ್ಮ ಕೇರಿಲಿ ಆಗ್ಲೇ ಒಂಬತ್ತು ಗಣಪತಿ ಇದಾರೆ. ಹತ್ತನೇದು ಅಂದ್ರೆ ದೇವ್ರಿಗೇ ತಲೆನೋವು."

"ಬೇರೆ ಹೆಸರು ಹೇಳಿ ಮತ್ತೊಂದ್ಸಲ!"

"ಕಿವಿಗೆ ಹೋದ ಹೆಸರು ವಾಪಸ್ ಬರ್ತದಾ? ಬರೋ ಹಾಗಿದ್ರೆ ನೀವೇ ತೆಗೀರಿ."

ಯಾರು ತೆಗೆಯುತ್ತಾರೆ? ಚಿರಂತನ ಚಿರಂತನನಾಗಿಯೇ ಉಳಿದ. ಆಮೇಲೆ ಆ ಕೇರಿಯ ಪೋಸ್ಟ್‌ಮ್ಯಾನ್ ಹೇಳುತ್ತಿದ್ದನಂತೆ, ಇಡೀ ಬೀದಿಯಲ್ಲಿ ತಪ್ಪದೆ ತಲುಪಿಸಬಹುದಾದ ವಿಳಾಸ ಅದೊಂದೇ ಎಂದು. ಆದರೇನು, ತೊಟ್ಟಿಲ ಕೂಸಿಗೆ ಕಾಗದ ಬರೆಯುವವರು ಯಾರು!

ಮುಂದೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು, ಮದುವೆಯಾಯಿತು, ದಶಕ ಮುಗಿಯುವ ಹೊತ್ತಿಗೆ ಮಗಳೂ ಹುಟ್ಟಿದಳು. ನನಗೆ ಅಕ್ಕತಂಗಿಯರಿಲ್ಲ. ಅಂದಮೇಲೆ ಹೆಸರಿಡುವ ಹಕ್ಕು ಯಾರಿಗೆ ಹೋಯಿತೆಂದು ಹೇಳಬೇಕೇ? ಹೆಂಡತಿ ಬಾಣಂತಿ ಕೋಣೆಯಿಂದಲೇ ಎಚ್ಚರಿಕೆ ಕೊಟ್ಟಳು. "ನಿಮ್ಮತ್ತೆ ಋತುಪರ್ಣೆ ಗಿತುಪರ್ಣೆ ಅಂತ ಎಂತಾದ್ರೂ ತಂದ್ರೆ ಮಗೂನ ಎತ್ಕೊಂಡು ತವರಿಗೆ ಹೋಗ್ತೀನಿ, ನೋಡಿ! ಎರಡಕ್ಷರದ್ದು ಒಂದು ಹುಡುಕಿ."

ಅತ್ತೆ ಹಿಂದಿನ ದಿನವೇ ಬಂದಿಳಿದಿದ್ದರು. ನಾಮಕರಣದ ಬೆಳಗ್ಗೆ ಅವರು ಅಡುಗೆಮನೆಯಲ್ಲಿ ಕಡುಬಿನ ಹಿಟ್ಟು ಕಲಸುತ್ತಿದ್ದಾಗ ನಾನು ಕಳ್ಳನಂತೆ ಪಂಚಾಂಗ ತೆಗೆದೆ. ಮೊದಲ ಪುಟದಲ್ಲೇ ಸಿಕ್ಕಿತಲ್ಲ, ಎರಡಕ್ಷರದ ಹೆಸರು! ಊರಿಗೆ ಊರೇ ತುಂಗಾ ಹೊಳೆಯಲ್ಲಿ ಮಿಂದು ಬರುತ್ತದೆ, ಆ ಹೊಳೆಯ ಹೆಸರಿನ ಒಂದು ಹುಡುಗಿ ನಮ್ಮ ಬೀದಿಯಲ್ಲಿಲ್ಲ. ಜಗಲಿಯ ತೊಲೆಗೆ ತೊಟ್ಟಿಲಿನ ಹಗ್ಗ ಕಟ್ಟುತ್ತಿದ್ದ ಅಪ್ಪನಿಗೆ ಖುಷಿಯಿಂದ ತೋರಿಸಿದೆ. ಅಪ್ಪನ ಕೈ ನಿಂತಿತು.

"ಇದು ಅವಳದೇ ಹೆಸರು ಕಣಾ."

"ಯಾರದ್ದು?"

"ನಿನ್ನ ಅತ್ತೆದು. ಅವಳ ಅತ್ತೇಗೂ ಇದೇ ಹೆಸರಿತ್ತು, ಅವರೂ ಈ ಹೊಳೆ ದಡದೋರೇ. ಸೊಸೇನ ಕರೆದ್ರೆ ಅತ್ತೇನ ಕರೆದ ಹಾಗಾಗ್ತದಲ್ಲ? ಮದುವೆ ದಿನ ತಟ್ಟೇಲಿ ಅಕ್ಕಿ ಹರವಿ ಬೇರೆ ಹೆಸರು ಬರೆಸಿದ್ರು. ಇನ್ಮೇಲೆ ತವರೋರೂ ಹಳೇ ಹೆಸರು ಹಿಡಿದು ಕರೀಬಾರ್ದು ಅಂದ್ರು." ಅಪ್ಪ ಹಗ್ಗವನ್ನೇ ನೋಡುತ್ತಿದ್ದರು. "ಹದಿನಾಲ್ಕು ವರ್ಷ ಅವಳಿಗೆ. ಗಾಡಿ ಹತ್ತುವಾಗ ಕೈ ಹಿಡ್ಕೊಂಡು, 'ಅಣ್ಣಾ, ನೀನಾದ್ರೂ ಒಂದ್ಸಲ ಕೂಗೋ' ಅಂದ್ಲು. ಎಲ್ರೂ ಇದ್ರು. ನಾನು ಕೂಗ್ಲಿಲ್ಲ."

ಮೂರು ತಾಲ್ಲೂಕು ಸುತ್ತಿ ಕಂಡವರ ಮಕ್ಕಳಿಗೆಲ್ಲ ಹೆಸರು ಹಂಚಿದ ಈ ಹೆಂಗಸನ್ನು ನೋಡಿ ನಾನೂ ಎಷ್ಟು ನಕ್ಕಿದ್ದೆ! ಇದೇ ಹೆಸರು ಇಡೋಣ ಎಂದೆ. ಅಲ್ಲೇ ರಂಗೋಲಿ ಹಾಕುತ್ತಿದ್ದ ಅಮ್ಮ ಗಾಬರಿಯಾದಳು. "ಅಜ್ಜನ ಹೆಸರಾದ್ರೆ ಪದ್ಧತಿ. ಬದುಕಿರೋ ಅತ್ತೆ ಹೆಸರು ಮಗೂಗೆ ಇಡ್ತಾರಾ ಎಲ್ಲಾದ್ರೂ?"

"ಆ ಹೆಸರಿನೋಳು ನಲವತ್ತು ವರ್ಷದಿಂದ ಇಲ್ವಲ್ಲ," ಎಂದು ಅಪ್ಪ ಮತ್ತೆ ಹಗ್ಗಕ್ಕೆ ಕೈ ಹಾಕಿದರು. ಗಂಟು ಸರಿಯಾಗಿ ಬೀಳುತ್ತಲೇ ಇರಲಿಲ್ಲ.

ಆದರೆ ಕೂಗಿ ನೋಡದ ಹೆಸರನ್ನು ಇಡುವುದು ಹೇಗೆ? ಅತ್ತೆಯ ನಿಯಮವೆಂದರೆ ನಿಯಮ. ನಾನು ಅಂಗಳಕ್ಕಿಳಿದು, ಸುತ್ತ ನೆಂಟರಿದ್ದರಿಂದ ಸ್ವಲ್ಪ ನಾಚಿಕೆಪಡುತ್ತಲೇ ಕೂಗಿದೆ. "ತುಂಗೇ...!"

"ಓ...! ಬಂದೇ!"

ಒಳಗಿನಿಂದ ಅತ್ತೆ ಕೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿ ಬಂದರು. ಹೊಸಿಲ ಮೇಲೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ನನ್ನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಪಂಚಾಂಗ ನೋಡಿದರು. ನೆಂಟರ ನಡುವೆ ನಿಂತಿದ್ದ, ಅತ್ತೆಯನ್ನು ಕಂಡರೆ ನಗಲು ಕಾದಿರುತ್ತಿದ್ದ ಉಳಿದಿಬ್ಬರು ಮಂಜುನಾಥರೂ ನಗಲಿಲ್ಲ.

"ಮಗೂಗೆ ಇದೇ ಇಡೋದು ಅಂತ ಮಾಡಿದೀವಿ ಅತ್ತೆ. ಕೂಗಿ ನೋಡ್ದೆ."

"ಗುಡ್ಡ ದಾಟ್ತದಾ?" ಎಂದರು ಅತ್ತೆ. "ನಂಗೆ ಸರಿ ಕೇಳ್ಲಿಲ್ಲ. ಇನ್ನೊಂದ್ಸಲ ಕೂಗು ನೋಡಣ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜಗಲಿಯಿಂದ, ಹಗ್ಗವನ್ನು ಕೈಯಲ್ಲಿ ಹಿಡಿದೇ, ಅಪ್ಪ ಕೂಗಿದರು. "ತುಂಗೇ!"

ಅಣ್ಣ ನಿಂತದ್ದು ನಾಲ್ಕು ಮಾರು ದೂರದಲ್ಲಿ. ಆದರೂ ಅತ್ತೆ ಹೊಳೆಯಾಚೆಗೆ ಕೇಳಬೇಕೆಂಬಂತೆ ಗಟ್ಟಿಯಾಗಿ "ಓ, ಅಣ್ಣಾ!" ಎಂದರು. ಎಂದವರೇ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು.

ಅಲ್ಲಿಂದ ಮುಂದೆ ಅತ್ತೆ ಬಂದಾಗೆಲ್ಲ ನಮ್ಮ ಮನೆಯಲ್ಲಿ ಆ ಹೆಸರು ಕೂಗಿದರೆ ಇಬ್ಬರು 'ಓ' ಎನ್ನುತ್ತಿದ್ದರು. "ಒಬ್ರೇ ಅನ್ಬೇಕು ಅಂತಿದ್ರಲ್ಲ ಅತ್ತೆ?" ಎಂದು ಒಂದು ದಿನ ಕೆಣಕಿದೆ.

"ನೀನು ಸುಮ್ನೆ ಕೂಗು ಮಾರಾಯ," ಎಂದರು.