ಭಾವನ ಬೇಸು, ಊರಿನ ಭೇಷು

ನಮ್ಮ ಭಾವನವರಿರುವ ಕಡೆ ಯಾರನ್ನೂ ಹೊಗಳಬಾರದು. ಭಾವನವರನ್ನು ಹೊಗಳಿದರೆ ಚಿಂತೆಯಿಲ್ಲ, ಬೇರೆಯವರನ್ನು ಹೊಗಳಿದರೇ ಅಪಾಯ! ಒಂದು ಸಲ ಊಟಕ್ಕೆ ಬಂದ ನೆಂಟರೊಬ್ಬರು ನನ್ನ ಹುರುಳಿಕಾಳಿನ ಬಸ್ಸಾರನ್ನು ಬಾಯಿಗಿಟ್ಟು "ಬೇಸ್!" ಅಂದುಬಿಟ್ಟರು. ನಾನು ನಾಚುವುದನ್ನು ಬಿಟ್ಟು ಮೊದಲು ಭಾವನ ಕಡೆ ನೋಡಿದೆ. ನಮ್ಮ ಯಜಮಾನರೂ ತುತ್ತು ನಿಲ್ಲಿಸಿ ನೋಡಿದರು. ಎದ್ದರೇ? ಪುಣ್ಯಕ್ಕೆ ಏಳಲಿಲ್ಲ. ಮುದ್ದೆ ಬಿಸಿಯಾಗಿತ್ತು.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ದಿನಸಿ ಅಂಗಡಿ, ಅಣ್ಣತಮ್ಮಂದಿರಿಬ್ಬರೂ ಕೂರುತ್ತಾರೆ. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಇಷ್ಟು ತಿಳಿದರೆ ಸಾಕು, ಇನ್ನುಳಿದಿದ್ದೆಲ್ಲ ಬೇಸಿನ ಕತೆ.

ಬಿಳಿ ದೊರೆಗಳು ಊರು ಬಿಟ್ಟು ನಾಲ್ಕಾರು ವರ್ಷವಾಗಿತ್ತು. ಅಂಗಡಿಗೆ ಯಾಲಕ್ಕಿ ತರುತ್ತೇನೆಂದು ಮಡಿಕೇರಿಗೆ ಹೋದ ಭಾವ, ಅಲ್ಲಿನ ಒಂದು ಹಳೆಯ ಕ್ಲಬ್ಬಿನ ಮೂಲೆಯಲ್ಲಿ ಆಳೆತ್ತರದ ಪಿಟೀಲೊಂದನ್ನು ಕಂಡರಂತೆ. ಪಿಟೀಲಿಗೆ ಅಜ್ಜಿ ಅನ್ನಬಹುದು, ಅಷ್ಟು ದಪ್ಪ. ಕಮಾನನ್ನು ಜಿರಳೆ ತಿಂದು ಮುಗಿಸಿದ್ದರಿಂದ ಬೆರಳಿನಲ್ಲಿ ಮೀಟಿಯೇ ಬಾರಿಸಬೇಕು. ಅಲ್ಲಿದ್ದ ಮುದುಕ ಬಟ್ಲರ್ ಇದರ ಹೆಸರು "ಬೇಸ್" ಅಂತಲೂ, ಎಲ್ಲಿ ಒತ್ತಿದರೆ ಏನು ಬರುತ್ತದೆ ಅಂತಲೂ ತೋರಿಸಿಕೊಟ್ಟನಂತೆ. ಭಾವನವರ ಸಂಗೀತ ಶಿಕ್ಷಣ ಅವತ್ತು ಮಧ್ಯಾಹ್ನ ಎರಡಕ್ಕೆ ಶುರುವಾಗಿ, ಬಸ್ ಹೊರಡುವ ನಾಲ್ಕಕ್ಕೆ ಮುಗಿಯಿತು.

ಅದನ್ನು ಬಿಳಿ ದುಪ್ಪಟಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಬಸ್ಸಿನ ಮೇಲೆ ಮಲಗಿಸಿದರು. ಪಿರಿಯಾಪಟ್ಟಣದಲ್ಲಿ ಕಾಫಿಗೆಂದು ಬಸ್ ನಿಂತಾಗ ರಸ್ತೆಯಲ್ಲಿದ್ದವರೆಲ್ಲ ಮೇಲೆ ನೋಡಿ ತಲೆಯ ಪೇಟ ತೆಗೆದರಂತೆ! ಮುದುಕರೊಬ್ಬರು ಭಾವನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಯಾರಪ್ಪ ಓಗ್ಬುಟ್ರು?"

"ಯಾರೂ ಓಗಿಲ್ಲ ಕಣಪ್ಪೋ. ಮನೇಗ್ ಕರ್ಕಂಡ್ ಓಯ್ತಾ ಇವ್ನಿ."

"ವಯಸ್ಸೆಷ್ಟು?"

"ಅರವತ್ತರ ಮ್ಯಾಲಂತೆ. ಗಂಟ್ಲು ಮಾತ್ರ ಇನ್ನೂ ಗಟ್ಟಿಯಾಗದೆ."

ಮುದುಕರು ಬಸ್ಸಿಗೆ ಕೈಮುಗಿದು ನಾಲ್ಕು ಹೆಜ್ಜೆ ಹಿಂದೆ ಸರಿದರಂತೆ.

ಮನೆಗೆ ಬಂದಾಗ ಅಕ್ಕ ಕೇಳಿದ ಮೊದಲ ಮಾತು, "ಯಾಲಕ್ಕಿ ಎಲ್ರೀ?" ಎರಡನೆಯ ಮಾತು ತಂತಿ ಮುಟ್ಟಿ ನೋಡಿ ಕೇಳಿದ್ದು.

"ಇದ್ಯಾತರದು?"

"ಕರುಳು."

"ಕರುಳಾ! ಯಾರ್ದು?"

"ಯಾರ್ದೂ ಅಲ್ಲ ಬುಡು. ಕುರೀದು."

ಲಿಂಗಪೂಜೆ ಇಲ್ಲದೆ ಬಾಯಿಗೆ ನೀರು ಹಾಕದ ಮನೆ ನಮ್ಮದು. ಅಕ್ಕ ಅಲ್ಲೇ ತೀರ್ಪು ಕೊಟ್ಟರು: ಅದು ಹೊಸ್ತಿಲು ದಾಟಕೂಡದು, ಜಗಲಿಯ ಮೇಲೇ ಇರಬೇಕು, ಮುಟ್ಟಿದವರು ಮಿಂದೇ ಒಳಗೆ ಬರಬೇಕು. ಭಾವ ಕರುಳು ತೆಗೆದು ಸೆಣಬಿನ ಹುರಿ ಕಟ್ಟಿ ನೋಡಿದರು. ಎಮ್ಮೆ ಗೋಡೆಗೆ ಮೈ ಉಜ್ಜಿದ ಹಾಗೆ ಸದ್ದು ಬಂತು. ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿ ನೋಡಿದರು. ಬೆರಳು ಕುಯ್ದಿತು. ಕಡೆಗೆ ಕರುಳೇ ಗತಿ ಎಂದಾಯಿತು. ಹೀಗೆ ಇಡೀ ಹುಣಸೂರಿನಲ್ಲಿ ದಿನಕ್ಕೆ ಮೂರು ಹೊತ್ತು ಸ್ನಾನ ಮಾಡುವ ಏಕೈಕ ವರ್ತಕರೆಂದರೆ ನಮ್ಮ ಭಾವ! ನೀರು ಕಾಯಿಸುತ್ತಿದ್ದವಳು ನಾನು, ಅದು ಬೇರೆ ಮಾತು.

ತಂತಿಯ ಕೆಳಗೆ ನಿಲ್ಲಿಸುವ ಮರದ ತುಂಡಿಗೆ ಕುದುರೆ ಅನ್ನುತ್ತಾರೆ. ಅದು ಸೀಳು ಬಿಟ್ಟಿತ್ತು. ಭಾವ ಆಚಾರಿಗೆ, "ನನ್ನ ಬೇಸಿಗೊಂದು ಒಳ್ಳೆ ಕುದ್ರೆ ಮಾಡ್ಕೊಡಪ್ಪ, ಹಲಸಿನ ಮರದ್ದು" ಅಂದುಬಂದರು. ಎಂಟು ದಿನ ಬಿಟ್ಟು ಆಚಾರಿ ತಂದುಕೊಟ್ಟಿದ್ದು ನಿಜವಾದ ಕುದುರೆ! ಬಾಲ, ಜೂಲು, ಕಿವಿ, ಎಲ್ಲ ಇತ್ತು. "ಜೀನು ಬೇಕಾ ಸೋಮಿ?" ಅಂತ ಬೇರೆ ಕೇಳಿದ. ಅಷ್ಟು ಚೆಂದದ ಕೆಲಸವನ್ನು ಬೇಡವೆನ್ನಲು ಭಾವನಿಗೆ ಬಾಯಿ ಬರಲಿಲ್ಲ. ತಲೆ, ಬಾಲ ಕೊಯ್ಯಿಸಿ ಅದನ್ನೇ ತಂತಿಯ ಕೆಳಗೆ ನಿಲ್ಲಿಸಿಕೊಂಡರು. ಇವತ್ತಿಗೂ ನಾಲ್ಕು ಕಾಲಿನ ಮೇಲೆ ನಿಂತಿದೆ.

ಇಷ್ಟಾದ ಮೇಲೆ ಉಪದೇಶ ಶುರುವಾಗದೆ ಇರುತ್ತದೆಯೇ? ಬೆಲ್ಲ ಕೊಳ್ಳಲು ಬಂದವರಿಗೂ ಪಾಠ. "ಜಾಸ್ತಿ ಬಾರಿಸ್ಬಾರ್ದು ಕಣಪ್ಪ. ಒಂದ್ ಸಲ ದುಂ ಅನ್ಸು. ಅದು ಓಗಿ ಗೋಡೆ ಮುಟ್ಟಿ ವಾಪಸ್ ಬರ್ಲಿ. ಬಂದ್ಮ್ಯಾಕೆ ಇನ್ನೊಂದ್ ಬುಡು."

"ಅದು ಬರಾಗಂಟ ಬೆಲ್ಲ ತೂಗ್ತೀರಾ ಸೋಮಿ?" ಎಂದು ಗಿರಾಕಿ ಕೇಳಿದರೆ, ಭಾವ ಅವನನ್ನು ಮರುಕದಿಂದ ನೋಡುತ್ತಿದ್ದರು.

ಊರಿನ ಬ್ಯಾಂಡ್ ಸೆಟ್ಟಿನಲ್ಲಿ ಆಗ ನಾಲ್ಕು ಜನ. ಕ್ಲಾರಿಯೊನೆಟ್ ಊದುವ ಮೇಷ್ಟ್ರು, ಕಾರ್ನೆಟ್ಟಿನವನು, ಇಬ್ಬರು ಡ್ರಮ್ಮಿನವರು. ಮೇಷ್ಟ್ರಿಗೆ ಐವತ್ತು ದಾಟಿತ್ತು, ಮೈಯೂ ಕ್ಲಾರಿಯೊನೆಟ್ಟಿನ ಹಾಗೇ ಕಪ್ಪಗೆ, ಸಣ್ಣಗೆ. ದಪ್ಪ ಸ್ವರದ ದೊಡ್ಡ ಕಹಳೆ ಊದುವವನು ಮೈಸೂರಿಗೆ ಹೊರಟುಹೋಗಿದ್ದರಿಂದ, ಬೇರೆ ದಾರಿ ಕಾಣದೆ ಮೇಷ್ಟ್ರು ಭಾವನನ್ನು ಸೇರಿಸಿಕೊಂಡರು. ಹಿತ್ತಾಳೆ ಗುಂಡಿಯ ಕೆಂಪು ಕೋಟು ಕೊಟ್ಟ ದಿನ ಭಾವ ಅದನ್ನು ತೊಟ್ಟೇ ಅಂಗಡಿಯಲ್ಲಿ ಕೂತಿದ್ದರು. ಮದುವೆ ಇಲ್ಲದ ಆಷಾಢದಲ್ಲಿ ಅದನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದರು, ಗೆರೆ ಮುರಿಯದಿರಲೆಂದು.

ಮೊದಲನೆಯ ಮೆರವಣಿಗೆಯಲ್ಲೇ ತೊಡಕು. ಆಳೆತ್ತರದ ವಾದ್ಯ ಹೊತ್ತು ನಡೆಯುತ್ತ ಬಾರಿಸುವುದು ಹೇಗೆ? ಎತ್ತಿನ ಗಾಡಿಯಲ್ಲಿ ಕೂರಿಸಿದರು. ಬ್ಯಾಂಡು ತನ್ನ ತಾಳಕ್ಕೆ ನಡೆಯಿತು, ಎತ್ತುಗಳು ತಮ್ಮ ತಾಳಕ್ಕೆ. ಹಾಡು ಮುಗಿದು ಗಂಡು ಚಪ್ಪರದೊಳಗೆ ಹೋಗಿ ಕೂತ ಮೇಲೆ, ಒಂದು ಫರ್ಲಾಂಗು ಹಿಂದಿನಿಂದ ದುಂ, ದುಂ ಎಂದು ಸದ್ದು ಬಂತು. ಹೆಣ್ಣಿನ ಕಡೆಯವರು ಗಾಬರಿಯಾಗಿ ಆರತಿ ಹಿಡಿದು ಓಡಿದರಂತೆ, ಇನ್ನೊಂದು ಗಂಡು ಬಂತೆಂದು! ಅಂದಿನಿಂದ ಭಾವನಿಗೆ ಮೆರವಣಿಗೆ ಬಿಡಿಸಿ, ಚಪ್ಪರದ ಕಛೇರಿ ಮಾತ್ರ ಉಳಿಸಿದರು.

ಅಲ್ಲಿಯೇ ಎಡವಟ್ಟಾಗಿದ್ದು. ನಮ್ಮ ಸೀಮೆಯ ನಾಲಿಗೆಗೆ ಭೇಷ್ ಅನ್ನುವುದು ಹೊರಳುವುದಿಲ್ಲ, ಬೇಸ್ ಅನ್ನುತ್ತಾರೆ. ಹಿರಿಯರು ಬೇಸ್ ಅಂದರೆ ಅದೇ ತುಣುಕನ್ನು ತಕ್ಷಣ ಮತ್ತೆ ನುಡಿಸಬೇಕು, ಅದು ಮರ್ಯಾದೆ. ನುಡಿಸದೆ ಹೋದರೆ ಕೊಬ್ಬು ಅನ್ನುತ್ತಾರೆ. ಹನಗೋಡಿನ ಮದುವೆಯಲ್ಲಿ ಮೇಷ್ಟ್ರು ಕ್ಲಾರಿಯೊನೆಟ್ಟನ್ನು ಆಕಾಶಕ್ಕೆತ್ತಿ ಒಂದು ಪಲುಕು ಊದಿ ನಿಲ್ಲಿಸಿದರು. ಗೌಡರೆಲ್ಲ ಒಟ್ಟಿಗೆ, "ಬೇಸ್! ಬೇಸ್!"

ಭಾವ ಎದ್ದರು. ನಾಲ್ಕು ದಿಕ್ಕಿಗೂ ಕೈಮುಗಿದರು. ಆಮೇಲೆ ಒಬ್ಬರೇ ಕಾಲು ಗಂಟೆ ಬಾರಿಸಿದರು. ದುಂ... ದುಂ... ದುಂ. ಅಡುಗೆಯವನು ಕೊಪ್ಪರಿಗೆ ಉರುಳಿತೆಂದು ಸೌಟು ಹಿಡಿದು ಓಡಿಬಂದನಂತೆ. ಮುಗಿದ ಮೇಲೆ ಮೇಷ್ಟ್ರು ಕೆಂಡವಾಗಿದ್ದರು.

"ಅಣ್ಣೋ, ಅವ್ರು ಅಂದದ್ದು ನನ್ಗೆ!"

"ನಿನ್ ವಾದ್ಯದ ಎಸ್ರೇನ್ಲಾ?" ಭಾವ ಶಾಂತವಾಗಿ ಕೇಳಿದರು.

"ಕ್ಲಾರಿಯೊನೆಟ್ಟು."

"ಅವ್ರು ಕೂಗಿದ್ದೇನು?"

"ಬೇಸು."

"ಮತ್ತೆ?"

ಇದು ಪ್ರತಿ ಮದುವೆಯಲ್ಲೂ ನಡೆಯತೊಡಗಿತು. ಎಚ್.ಡಿ. ಕೋಟೆಯಲ್ಲಂತೂ ಗಂಡಿನ ಮಾವ ಮೊದಲೇ ಅಪ್ಪಣೆ ಹೊರಡಿಸಿದ್ದರು, ಬೇಸ್ ಅಂತ ಯಾರೂ ಬಾಯಿ ಬಿಡಬಾರದೆಂದು. ಜನ ಟವೆಲ್ಲು ಕಚ್ಚಿಕೊಂಡು ಕೂತರಂತೆ. ಮೇಷ್ಟ್ರು ಊದಿ ನಿಲ್ಲಿಸಿದಾಗ ತಡೆಯಲಾರದೆ ಒಬ್ಬರು "ಶಾಬಾಸ್!" ಅಂದುಬಿಟ್ಟರು. ಭಾವ ಎದ್ದರು! ಮೇಷ್ಟ್ರು ಹಲ್ಲು ಕಡಿದರೆ, "ಇಂಗ್ಲಿಷಲ್ಲಿ ಬಾಸ್ ಅಂತ್ಲೂ ಅಂತಾರೆ ಕಣ್ಲಾ, ನಿನ್ಗೆಲ್ಲಿ ಗೊತ್ತಾಯ್ತದೆ" ಅಂದರಂತೆ.

ಕಡೆಗೆ ಒಂದು ಬೆಳಿಗ್ಗೆ ಮೇಷ್ಟ್ರು ಮನೆಗೇ ಬಂದರು. ಅಕ್ಕ ಮಣೆ ಹಾಕಿದರೂ ಕೂರಲಿಲ್ಲ.

"ಅವ್ವಾ, ಊದಿ ಊದಿ ಸಾಯೋನು ನಾನು, ಮೆಚ್ಗೆ ತಕ್ಕಳೋರು ಇವ್ರು. ಕೆ.ಆರ್. ನಗರದ ಮದ್ವೇಲಿ ಇನ್ನೊಂದ್ಸಲ ಎದ್ರೋ, ಅಲ್ಲೇ ಕೋಟು ಬಿಚ್ಚಿಸ್ಕತೀನಿ. ಆಮ್ಯಾಕೆ ನಮ್ ಸೆಟ್ಟಿಗೆ ಬರಾದು ಬ್ಯಾಡ."

ಭಾವ ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವತ್ತು ಎರಡನೆಯ ಮುದ್ದೆ ಬೇಡವೆಂದರು. ನಾನು ಮಜ್ಜಿಗೆ ಬಡಿಸಲು ಹೋದಾಗ, "ನಿಜವಾಗ್ಲೂ ಬುಡಿಸ್ಬುಡ್ತಾನಂತೇನವ್ವಾ?" ಎಂದು ಕೇಳಿದರು.

"ಕೂತ್ಕೊಂಡೇ ಇದ್ರೆ ಯಾಕೆ ಬಿಡಿಸ್ತಾರೆ ಭಾವ? ಕೂತ್ಕೊಳ್ಳಿ ಅಷ್ಟೇ."

"ಕುಂತ್ಕಂಡೇ ಇರ್ಬೇಕು," ಅಂದರು. ಮಜ್ಜಿಗೆಯಲ್ಲಿ ಬೆರಳಾಡಿಸುತ್ತ ಇನ್ನೊಮ್ಮೆ ಅಂದರು, "ಕುಂತ್ಕಂಡೇ."

ಕೆ.ಆರ್. ನಗರಕ್ಕೆ ಅಕ್ಕನೂ ನಾನೂ ಕಾವಲಿಗೆ ಹೋದೆವು. ನೆಂಟಸ್ತಿಕೆ ಇಲ್ಲದಿದ್ದರೂ ಅಂಗಡಿಯ ಪರಿಚಯದ ಮನೆ. ಕಛೇರಿ ಶುರುವಾಗುವ ಮೊದಲು ಅಕ್ಕ, ಬೆನ್ನು ನೆಟ್ಟಗಿರಲಿ ಎಂದು ನೆಪ ಹೇಳಿ, ಭಾವನ ಸೊಂಟಕ್ಕೆ ಶಲ್ಯ ಸುತ್ತಿ ಸ್ಟೂಲಿಗೆ ಎರಡು ಗಂಟು ಹಾಕಿದರು. ನಾನು ಮೂರನೆಯದು ಹಾಕಿದೆ. ಹೆಂಗಸರಿಗೆ ಜಾಗ ಮಾಡಿದ್ದು ಬ್ಯಾಂಡಿನ ಹಿಂಬದಿಯಲ್ಲಿ. ನಮಗೆ ಕಾಣುತ್ತಿದ್ದುದು ಐದು ಕೆಂಪು ಬೆನ್ನುಗಳು ಮಾತ್ರ, ಮೇಷ್ಟ್ರದು ಮುಂದೆ, ಭಾವನದು ಅದರ ಹಿಂದೆ.

ಕಾರ್ನೆಟ್ಟಿನವನು ಚೆನ್ನಾಗಿ ಊದಿದ. "ಬೇಸ್!" ಭಾವ ಅಲುಗಲಿಲ್ಲ. ಅಕ್ಕ ನನ್ನ ತೊಡೆ ಚಿವುಟಿದರು, ಖುಷಿಗೆ. ಡ್ರಮ್ಮಿನವನು ಗುಡುಗಿಸಿದ. "ಬೇಸ್! ಬೇಸ್!" ಭಾವ ಕಲ್ಲು! ಎಷ್ಟು ವಿಧೇಯರಾಗಿಬಿಟ್ಟರು ನಮ್ಮ ಭಾವ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಆಮೇಲೆ ಮೇಷ್ಟ್ರು ಉದ್ದನೆಯದೊಂದು ಆಲಾಪನೆ ಎತ್ತಿಕೊಂಡರು. ಒಂದೇ ಉಸಿರಿನಲ್ಲಿ ಮೇಲೇರಿ, ಸುತ್ತಿ ಸುತ್ತಿ ಇಳಿದು ನಿಲ್ಲಿಸಿದಾಗ ಚಪ್ಪರವೇ ಎದ್ದುಬರುವ ಹಾಗೆ ಕೂಗಿದರು ಜನ. "ಬೇಸ್! ಬೇಸ್! ಇನ್ನೊಂದ್ಸಲ ಆಗ್ಲಿ!"

ಮುಂದೆ ಕೂತವರಿಗೆ ಮೇಷ್ಟ್ರ ನಗುಮುಖ ಕಂಡಿರಬೇಕು. ಹಿಂದಿದ್ದ ನಮಗೆ ಬೆನ್ನು ಕಂಡಿತು. ಕೋಟು ಬೆವರಿನಿಂದ ಒದ್ದೆಯಾಗಿ ಅಂಟಿತ್ತು. ಎರಡು ಭುಜಗಳೂ ತಿದಿಯ ಹಾಗೆ ಏರಿಳಿಯುತ್ತಿದ್ದವು. ಕ್ಲಾರಿಯೊನೆಟ್ಟನ್ನು ಬಾಯಿಗೆ ಎತ್ತಿದರು, ಎಳೆದುಕೊಳ್ಳಲು ಉಸಿರು ಸಿಗಲಿಲ್ಲ, ಕೈ ಇಳಿಯಿತು. ಮತ್ತೆ ಎತ್ತಿದರು. ಜನ ಕೂಗುತ್ತಲೇ ಇದ್ದರು.

ಭಾವ ಜನರ ಕಡೆ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಆ ಭುಜಗಳನ್ನು.

ಒಮ್ಮೆ ತಿರುಗಿ ಅಕ್ಕನನ್ನು ನೋಡಿದರು. ಆಮೇಲೆ ಎದ್ದರು, ಸ್ಟೂಲಿನ ಸಮೇತ! ಅದನ್ನು ಹಿಂದೆ ಬಾಲದ ಹಾಗೆ ತೂಗಾಡಿಸಿಕೊಂಡು ನಾಲ್ಕು ದಿಕ್ಕಿಗೂ ಕೈಮುಗಿದರು. ಚಪ್ಪರ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ಮರೆಯಲ್ಲಿ ಮೇಷ್ಟ್ರು ಮೆಲ್ಲಗೆ ಪಕ್ಕಕ್ಕೆ ತಿರುಗಿ ಬೆಂಚಿನ ಮೇಲೆ ಕುಸಿದು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಬಾಯಿ ತೆರೆದು ಗಾಳಿ ಎಳೆದುಕೊಂಡರು. ದುಂ... ದುಂ... ದುಂ.

ನಾನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿ ನೋಡಿದೆ. ಹನಗೋಡು, ಎಚ್.ಡಿ. ಕೋಟೆ, ಉಳಿದ ಮದುವೆಗಳು. ಕೇಳಿದ ಕತೆಗಳಲ್ಲೆಲ್ಲ ಭಾವ ಎದ್ದದ್ದು ಮೇಷ್ಟ್ರು ಊದಿ ಮುಗಿಸಿದಾಗಲೇ. ಕಾರ್ನೆಟ್ಟಿಗೆ ಎದ್ದಿದ್ದಿಲ್ಲ, ಡ್ರಮ್ಮಿಗೆ ಎದ್ದಿದ್ದಿಲ್ಲ. ಪಕ್ಕಕ್ಕೆ ನೋಡಿದರೆ ಅಕ್ಕನ ಕೈಯ ಬೀಸಣಿಗೆ ನಿಂತಿತ್ತು.

ಕಾಲು ಗಂಟೆಯಾಯಿತು. ಭಾವ ಕೊನೆಯ ದುಂ ಬಿಟ್ಟು, ಸ್ಟೂಲು ಊರಿ, ಅರ್ಧ ನಮ್ಮ ಕಡೆ ತಿರುಗಿ ಕೂತರು. ಕೂತವರೇ ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಎರಡನೆಯದಕ್ಕೆ ಕೈ ಹಾಕಿದಾಗ ಮೇಷ್ಟ್ರ ಎಡಗೈ ಹಿಂದಕ್ಕೆ ಬಂದು ಆ ಕೈಯನ್ನು ಹಿಡಿದುಕೊಂಡಿತು. ಅವರು ತಿರುಗಿ ನೋಡಲಿಲ್ಲ. ದನಿ ನಮ್ಮ ಸಾಲಿಗೆ ಮಾತ್ರ ಕೇಳುವಷ್ಟಿತ್ತು.

"ಇನ್ನೊಂದ್ ಸುತ್ತು, ಅಣ್ಣ."

ಭಾವ ಮತ್ತೆ ಎದ್ದು ನಿಂತರು. ಈ ಸಲ ಯಾರೂ ಬೇಸ್ ಅಂದಿರಲಿಲ್ಲ.