ಗಂಧಕದ ಭಾವ

ಸಂಜೆಯ ಹೈದರಾಬಾದ್ ಮೆಟ್ರೋಗೆ ನೂಕುನುಗ್ಗಲಿನ ಅಮೀರ್‌ಪೇಟೆಯಲ್ಲಿ ಹತ್ತಿಯೂ ದಿನಾ ಕೂತೇ ಮನೆಗೆ ಬರುವ ಮನುಷ್ಯ ಇಡೀ ಊರಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ, ಅಕ್ಕನ ಗಂಡ. ಕೂರುವುದೇನು, ಕಾಲು ಚಾಚಿಕೊಂಡೇ ಬರುತ್ತಾರೆ! ಅವರು ಒಳಗೆ ಕಾಲಿಟ್ಟರೆ ಅಕ್ಕಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾಗುತ್ತವೆ. “ಈ ಊರ ಮಂದಿ ಭಾಳ ಛಲೋ. ತಲಿ ಬೆಳ್ಳಗಾದವರಿಗೆ ಜಾಗಾ ಬಿಡ್ತಾರ,” ಎನ್ನುತ್ತಾರೆ ಭಾವ. ಅವರ ಅಂಗಿ ಕೊಳೆತ ಮೊಟ್ಟೆಯಂತೆ ನಾರುತ್ತದೆಂದು ಹೇಳುವವರಾದರೂ ಯಾರು?

ಭಾವ ಒಂದು ಪ್ರಯೋಗಾಲಯದಲ್ಲಿ ವಿರಳ ಭೂಲೋಹಗಳ ಸಲ್ಫೈಡು ಮಾಡುತ್ತಾರೆ. ಸೀರಿಯಂ ಎಂಬ ಲೋಹದ ಚೂರುಗಳನ್ನು ಗಂಧಕದ ಜೊತೆ ಕೊಳವೆಯಲ್ಲಿಟ್ಟು, ಗಾಳಿ ತೆಗೆದು, ಬಾಯಿ ಮುಚ್ಚಿ, ಸಾವಿರ ಡಿಗ್ರಿಯಲ್ಲಿ ದಿನಗಟ್ಟಲೆ ಬೇಯಿಸುವುದು. ಅವಸರ ಮಾಡಿದರೆ ಕೊಳವೆ ಸಿಡಿಯುತ್ತದೆ. ಆಮೇಲೆ ಅದನ್ನು ಒಡೆದು, ಅರೆದು, ಮತ್ತೆ ಬೇಯಿಸುವುದು. ಕೊನೆಗೆ ಬಣ್ಣಕ್ಕೆ ಬಳಸುವ ಕೆಂಪು ಪುಡಿ ಬರಬೇಕು. ಚೂರು ಗಾಳಿ ನುಸುಳಿದರೂ ಕಂದು. ಹದಿನಾಲ್ಕು ವರ್ಷದಿಂದ ಭಾವನಿಗೆ ಬರುತ್ತಿರುವುದು ಕಂದೇ. ಆ ಪುಡಿಗೆ ತೇವ ತಗುಲಿದರೆ ಏಳುವ ವಾಸನೆ ಅಂಗಿಗೆ ಅಂಟುತ್ತದೆ. ಅದರಲ್ಲೇ ಬದುಕಿ ಅವರ ಮೂಗು ಎಂದೋ ರಾಜೀನಾಮೆ ಕೊಟ್ಟಿದೆ.

ಒಮ್ಮೆ ಅಕ್ಕ ಭಾವನಿಗೆ, ಶೇಂಗಾ ಹುರಿದು ಕುಟ್ಟಿಡಿ ಎಂದು ಹೇಳಿ ಗುಡಿಗೆ ಹೋದಳು. ಬಂದು ನೋಡಿದರೆ ಬಾಣಲೆಯಲ್ಲಿ ಕಾಡಿಗೆ.

“ಏನ್ ಮಾಡೀರಿ ಇದು?”

“ಒಂದ ಸಲಕ್ಕ ಎಲ್ಲಾ ಕೂಡೂದಿಲ್ಲ. ಹುರದು ಕುಟ್ಟಿ, ಮತ್ತ ಹುರದು ಕುಟ್ಟೀನಿ. ಇನ್ನೊಂದು ಸಲ ಹುರದ್ರ ಶುದ್ಧ ಆಗತೈತಿ.”

ಅಕ್ಕ ಅದನ್ನು ಹಲ್ಲುಪುಡಿಯ ಡಬ್ಬಿಗೆ ಸುರಿದಳು.

ಅವರ ಜೊತೆಗೇ ಇರುವ ನಾನು ಇದಕ್ಕೆಲ್ಲ ನಗುತ್ತಲೇ ಇದ್ದೆ, ಕೆಳಗೆ ವಾಸವಿರುವ ನಮ್ಮ ಬಾಡಿಗೆ ಮನೆಯ ಮಾಲೀಕರು ಮೂಗು ಮುಚ್ಚಿಕೊಂಡು ಮೇಲೆ ಬರುವವರೆಗೆ. ದಿಲ್‌ಸುಖ್‌ನಗರದ ಆ ಕಟ್ಟಡದಲ್ಲಿ ಮೊಟ್ಟೆ, ಮಾಂಸ ನಿಷಿದ್ಧ.

“ಏಮ್ಮಾ, ರೋಜೂ ಗುಡ್ಡು ವಂಡುತುನ್ನಾರಾ?” ದಿನಾ ಮೊಟ್ಟೆ ಬೇಯಿಸುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು.

ಅಕ್ಕನ ಮುಖ ನೋಡಬೇಕಿತ್ತು. ‘ತತ್ತಿ’ ಎಂಬ ಮಾತನ್ನೂ ಊಟದ ಹೊತ್ತಿಗೆ ಆಡಗೊಡದವಳು ಅವಳು! ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ತೋರಿಸಿದಳು, ಹಲ್ಲುಪುಡಿಯದನ್ನೂ. ಅಷ್ಟರಲ್ಲಿ ಭಾವ ಬಂದರು. ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದು ತೀರ್ಪು ಕೊಟ್ಟರು. ತಿಂಗಳೊಳಗೆ ಈ ವಾಸನೆ ಹೋಗಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು.

ಭಾವ ಅಂಗಿಯನ್ನು ನಿಂಬೆರಸದಲ್ಲಿ ನೆನೆಸಿದರು, ಊದುಬತ್ತಿಯ ಹೊಗೆ ಹಿಡಿದರು. ಗುಡಿಯೊಳಗೆ ಮೊಟ್ಟೆ ಕೊಳೆತಂತಾಯಿತು.

ಮೂರನೇ ವಾರ ಒಂದು ಸಂಜೆ ಅವರು ಬರೀ ಸೋಪಿನ ವಾಸನೆ ಹೊತ್ತು ಬಂದರು. “ಸಲ್ಫೈಡಿನ ಕೆಲಸ ಬ್ಯಾಡಂತ ಸಾಹೇಬ್ರಿಗೆ ಬರದು ಕೊಟ್ಟು ಬಂದೀನಿ. ಸೋಮವಾರದಿಂದ ಆಕ್ಸೈಡಿನ ಕೆಲಸ. ತೆರದ ಗಾಳಿಯಾಗ ಬೇಯ್ತೈತಿ, ವಾಸನಿ ಇಲ್ಲ.”

“ಮತ್ತ ಆ ಕೆಂಪು?” ಅಕ್ಕ ಕೇಳಿದಳು.

“ಯಾರರೆ ಬ್ಯಾರೆಯವರು ಮಾಡ್ತಾರ ಬಿಡು.”

ಭಾವ ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ. ಅವರನ್ನು ನೋಡಿ ನನಗೆ ಮೊದಲ ಸಲ ಸಂಕಟವಾಯಿತು.

ಮರುದಿನ ಅಕ್ಕ ನನ್ನನ್ನು ಕರೆದುಕೊಂಡು ಮನೆ ಹುಡುಕಲು ಹೊರಟಳು. ಒಳ್ಳೆಯ ಮನೆಗಳನ್ನೆಲ್ಲ ದಾಟಿ ಒಂದು ಹಿಂದಿನ ಓಣಿಗೆ ನುಗ್ಗಿದಳು. ಅಲ್ಲಿ ಮೊಟ್ಟೆಯ ಸಗಟು ಅಂಗಡಿ, ಅದರ ಮೇಲೆ ಎರಡು ಕೋಣೆ. ಮೆಟ್ಟಿಲಿನ ಪಕ್ಕದಲ್ಲೇ ತಟ್ಟೆ ತಟ್ಟೆ ಮೊಟ್ಟೆ, ಒಡೆದವು ಬುಟ್ಟಿಯಲ್ಲಿ. ಬೇಸಿಗೆಯಲ್ಲಿ ವಾಸನೆ ಜಾಸ್ತಿ ಎಂದು ಅಂಗಡಿಯವನೇ ಎಚ್ಚರಿಸಿದ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಅಕ್ಕ ಕೇಳಿದಳು, “ಮೇಲಿನವರ ವಾಸನಿ ಬಗ್ಗೆ ಇಲ್ಲೆ ಯಾರೂ ಕೇಳೂದಿಲ್ಲಲ್ಲ?” ನಾನು ಅದನ್ನು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದೆ. ಯಾರೂ ಕೇಳುವುದಿಲ್ಲ ಎಂದು ಅವನು ನಕ್ಕು ತಲೆಯಾಡಿಸಿದ.

“ನಿಮ್ಮ ಭಾವಗ ಫೋನ್ ಹಚ್ಚು,” ಎಂದು ಅಕ್ಕ ಸೆರಗು ತೆಗೆದಳು. “ಬರದು ಕೊಟ್ಟದ್ದು ವಾಪಸ್ ಇಸಗೊಳ್ರಿ ಅಂತ ಹೇಳು. ಕೆಂಪು ಬರೋತನಕ ಬೇಯಸ್ಲಿ.”