ಹುಳದ ಮನೆಯ ಆರೋಪಿಯ ಅಹವಾಲು

ಆನ್‌ಲೈನ್ ವಂಚನೆ ದೂರು ಕೇಂದ್ರದ ಮಾನ್ಯ ಅಧಿಕಾರಿಗಳೇ,

ಕನಕಪುರ ತಾಲ್ಲೂಕು ದೊಡ್ಡಆಲಹಳ್ಳಿಯ ರೇಷ್ಮೆ ಬೆಳೆಗಾರನೂ, ತಮ್ಮ ಕೃಪೆಯಿಂದ ಹದಿನೆಂಟು ದಿನಗಳಿಂದ ಆರೋಪಿಯೂ ಆಗಿರುವ ಕೆಂಪರಾಜು ಎಂಬ ನಾನು, ತಾವೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿ, ಕೈಮುಗಿದು ಮಾಡಿಕೊಳ್ಳುವ ಅರಿಕೆ ಏನೆಂದರೆ, ನಾನು ಕದ್ದಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ಹುಳಕ್ಕೆ ರೋಗ ತಗುಲೀತೆಂದು ನಾವು ಹುಳದ ಮನೆಯೊಳಕ್ಕೆ ಹೊರಗಿನ ವಸ್ತು ಏನನ್ನೂ ತರುವುದಿಲ್ಲ. ನಾನು ಒಳಗಿರುವಾಗ ಮನೆಗಿರುವ ಒಂದೇ ಫೋನು ಜಗಲಿಯ ಮೇಲಿರುತ್ತದೆ. ಬಂದ ಸಂದೇಶಗಳನ್ನೆಲ್ಲ ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಹೊಸಿಲಾಚೆ ನಿಂತು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಆ ದಿನ ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವ ಆತುರದಲ್ಲಿದ್ದೆ. ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬ ಫೋನು ಮಾಡಿದ. "ಅವ್ರು ಹುಳದ ಮನೇಲವ್ರೆ, ಏನಿದ್ರೂ ನಾನೇ ಓದಿ ಹೇಳ್ತೀನಿ" ಎಂದಳು ಇವಳು. ಹಾಗಾದರೆ ಫೋನು ಇಡಬೇಡಿ ತಾಯಿ, ಈಗೊಂದು ಸಂದೇಶ ಬರುತ್ತದೆ, ಅದನ್ನು ಯಜಮಾನರಿಗೇ ಹೇಳಿ ಎಂದನಂತೆ ಆ ಸಜ್ಜನ. ಅವಳು ಆರು ಅಂಕಿಗಳನ್ನು ನನಗೆ ಕೂಗಿ ಹೇಳಿದಳು. ನಾನು ಒಳಗಿಂದ ಸರಿ ಎಂದೆ. ಆತನೂ ಸರಿ ಎಂದ. ಡೈರಿಗೆ ಹಾಲು ಹಾಕಿ ಮೂರು ವರ್ಷ ಕೂಡಿಟ್ಟ ಅವಳ ಹಣ ಅಷ್ಟರಲ್ಲಿ ಹೋಗಿತ್ತು.

ಒಂದು ಗಂಟೆಯೊಳಗೆ ದೂರಿದರೆ ಹಣ ಸಿಗುತ್ತದೆಂಬ ತಮ್ಮ ಮಾತು ನಂಬಿ ತಕ್ಷಣ ಫೋನು ಮಾಡಿದೆವು. ಐವತ್ತು ನಿಮಿಷ ತಾವು ಕೇಳಿಸಿದ ಕೊಳಲಿನ ಸಂಗೀತಕ್ಕೆ ನಾವು ಚಿರಋಣಿಗಳು. ಕೊನೆಗೆ ತಮ್ಮ ಸಿಬ್ಬಂದಿ, ಓಟಿಪಿ ಯಾರಿಗೆ ಹೇಳಿದಿರಿ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಹೆಂಡತಿ, ನಮ್ಮ ಯಜಮಾನರಿಗೆ ಎಂದಳು. ಹೆಸರು ಕೇಳಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ನನ್ನ ಹೆಸರೆತ್ತದವಳು, ಸರ್ಕಾರದ ಕೆಲಸವಲ್ಲವೇ ಎಂದು ನಾಚಿಕೊಂಡೇ ಹೇಳಿದಳು. ಹತ್ತೇ ನಿಮಿಷದಲ್ಲಿ ತಾವು ನನ್ನ ಖಾತೆಯನ್ನು ಸ್ತಂಭನಗೊಳಿಸಿದಿರಿ. ಇಂಥ ವೇಗವನ್ನು ನಾನು ಈ ಜಿಲ್ಲೆಯಲ್ಲಿ ಕಂಡಿರಲಿಲ್ಲ, ಮನಸಾರೆ ಅಭಿನಂದಿಸುತ್ತೇನೆ.

ಗೂಡು ರಾಮನಗರದಲ್ಲಿ ಒಳ್ಳೆಯ ಬೆಲೆಗೇ ಹೋಯಿತು, ಹಣ ಬಂದು ಅದೇ ಖಾತೆಯಲ್ಲಿ ಕೂತಿದೆ. ಮುಂದಿನ ಬೆಳೆಗೆ ಮರಿಹುಳ ತರಲು ಕೈಯಲ್ಲಿ ಕಾಸಿಲ್ಲ, ತೋಟದಲ್ಲಿ ಸೊಪ್ಪು ಬಲಿಯುತ್ತಿದೆ. ಅದಕ್ಕಿಂತ ನನಗೆ ಸಂಕಟವೆಂದರೆ, ಗಂಡನನ್ನು ತಾನೇ ಹಿಡಿದುಕೊಟ್ಟೆನೆಂದು ಅವಳು ಸರಿಯಾಗಿ ಊಟ ಮಾಡುತ್ತಿಲ್ಲ.

ತಪ್ಪು ತಿದ್ದಿಸಲು ಮೂರು ಸಲ ತಮ್ಮ ಕಚೇರಿಗೆ ಬಂದೆ. ಆರೋಪಿಯ ಮಾತು ನಡೆಯದು, ದೂರುದಾರರೇ ತಮ್ಮ ಫೋನಿಗೆ ಬರುವ ಓಟಿಪಿಯನ್ನು ತಿಳಿಸಿದರೆ ಮಾತ್ರ ಹೆಸರು ತೆಗೆಯಬಹುದೆಂದು ಅಪ್ಪಣೆಯಾಯಿತು. ತಮ್ಮವರು ಮನೆಗೆ ಫೋನು ಮಾಡಿಯೂ ಕೇಳಿದರು. ವೆಂಕಟಲಕ್ಷ್ಮಮ್ಮನದು ಒಂದೇ ಉತ್ತರ: "ಯಾರ್ ಕೇಳುದ್ರೂ ನಂಬರ್ ಹೇಳ್ಬ್ಯಾಡಿ ಅಂತ ದಿನಾ ಬಡ್ಕೋತೀರ, ಈಗ ನೀವೇ ಕೇಳ್ತೀರಲ್ಲ ಸಾ. ನಮ್ಮ್ ಯಜಮಾನ್ರಿಗೇ ಹೇಳಲ್ಲ ಈಗ ನಾನು."

ನಿಜವಾಗಿಯೂ ಹೇಳುತ್ತಿಲ್ಲ. ಈಗ ಸಂದೇಶ ಬಂದರೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಇಡೀ ನಾಡಿನಲ್ಲಿ ತಮ್ಮ ಜಾಗೃತಿ ಪ್ರಚಾರಕ್ಕೆ ಇಷ್ಟು ನಿಷ್ಠೆಯಿಂದ ನಡೆದುಕೊಳ್ಳುವ ಪ್ರಜೆ ಇನ್ನೊಬ್ಬಳಿರಲಾರಳು. ಆದ್ದರಿಂದ ಅವಳಿಗೊಂದು ಪ್ರಶಸ್ತಿಪತ್ರ ದಯಪಾಲಿಸಿ, ಪ್ರದಾನ ಸಮಾರಂಭದಲ್ಲಿ ಆರೋಪಿಯನ್ನೂ ವೇದಿಕೆಯ ಮೇಲೆ ಕೂರಿಸಬೇಕಾಗಿ ಪ್ರಾರ್ಥನೆ.

ಖಾತೆ ಮುಚ್ಚಿದರೂ ಮನಸ್ಸು ಮುಚ್ಚದ, ತಮ್ಮ ವಿಶ್ವಾಸಿ,
ಕೆಂಪರಾಜು

ಮರೆತ ಮಾತು: ತಮ್ಮ ಕಚೇರಿಯೆಲ್ಲ ಸೇರಿ ಹದಿನೆಂಟು ದಿನದಲ್ಲಿ ಪಡೆಯಲಾಗದ ಓಟಿಪಿಯನ್ನು ಆ ಸಜ್ಜನ ಕೇಳದೆಯೇ ಎರಡು ನಿಮಿಷದಲ್ಲಿ ಪಡೆದಿದ್ದ. ಅವನನ್ನು ಹಿಡಿಯುವುದು ತಮಗೆ ಕಷ್ಟವಾದರೆ ಬೇಡ, ಒಂದು ದಿನದ ಮಟ್ಟಿಗೆ ತಮ್ಮ ಕಚೇರಿಗೆ ನೇಮಿಸಿಕೊಳ್ಳಿ. ನನ್ನ ಹೆಂಡತಿಯ ನಂಬರು ಅವನ ಬಳಿ ಇದೆ.